ದಡದಿಂದ ಡೈವ್ ಮಾಡುವುದಾದರೆ ಮೊದಲು ಹತ್ತುವ ಜಾಗ ನೋಡಿ

ಸ್ಕೂಬಾ ಡೈವಿಂಗಿನ ಮೊದಲ ಹಂತದ ಪ್ರಮಾಣಪತ್ರವಾದ ಓಪನ್ ವಾಟರ್ ಕಾರ್ಡ್ ಕೈಗೆ ಬಂದ ಕೂಡಲೇ ನಮ್ಮ ಕಾಸರಗೋಡಿನ ಕಡೆಯವರಿಗೆ ಬರುವ ಮೊದಲ ಯೋಚನೆ: ಮನೆ ಎದುರೇ ಕಡಲಿರುವಾಗ ದೋಣಿಗೆ ಯಾಕೆ ದುಡ್ಡು ಸುರಿಯಬೇಕು? ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಎಲ್ಲಿ ಬೇಕಾದರೂ ಸಿಲಿಂಡರ್ ಹೊತ್ತು ಇಳಿದರಾಯಿತಲ್ಲ?

ಇಳಿಯಬಹುದು, ಕಷ್ಟವಿರುವುದು ಹತ್ತುವುದರಲ್ಲಿ. ಇಳಿಯುವಾಗ ಕಾಲಲ್ಲಿ ಶಕ್ತಿ ಇರುತ್ತದೆ, ಸಿಲಿಂಡರ್ ತುಂಬಿರುತ್ತದೆ, ತೆರೆ ಕಣ್ಣೆದುರೇ ಬರುತ್ತದೆ. ಹತ್ತುವಾಗ ಸುಸ್ತಾಗಿರುತ್ತದೆ, ಗಾಳಿ ತಳ ಕಂಡಿರುತ್ತದೆ, ತೆರೆ ಬೆನ್ನ ಹಿಂದಿನಿಂದ ಬಂದು ಬಡಿಯುತ್ತದೆ. ಹಾಗಾಗಿ ಜಾಗ ನೋಡಲು ಹೋದಾಗ ಹೊರಬರುವ ಜಾಗವನ್ನು ಮೊದಲು ಗುರುತಿಸಿ, ಒಂದಲ್ಲ, ಎರಡು. ಎರಡನೆಯದು ಆ ದಿನ ನೀರು ಎಳೆಯುವ ದಿಕ್ಕಿನಲ್ಲೇ ಇರಲಿ. ಸೆಳೆತಕ್ಕೆ ಎದುರಾಗಿ ಈಜಿ ತಲುಪಬೇಕಾದ ಜಾಗ ಲೆಕ್ಕಕ್ಕಿಲ್ಲ. ಬೇಕಲ ಕೋಟೆಯ ಬುಡದ ಕಲ್ಲುಗಳು ನೋಡಲು ಚಂದ, ಆದರೆ ಸಿಲಿಂಡರ್ ಹೊತ್ತವನಿಗೆ ಅವು ಗೋಡೆ. ಅಂಥ ಕಡೆ ಪಕ್ಕದ ಮರಳೇ ಬಾಗಿಲು, ಕಲ್ಲಿನ ಹತ್ತಿರ ಹೋಗುವುದೇ ಬೇಡ.

ಮರಳಿನ ಮೇಲೆ ಸುಮ್ಮನೆ 20 ನಿಮಿಷ ಕೂತು ತೆರೆ ನೋಡಿ. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಎರಡು ಗುಂಪುಗಳ ನಡುವೆ ಹಲವು ನಿಮಿಷ ಕಡಲು ಸಾಧುವಿನಂತೆ ಕಾಣುತ್ತದೆ. ಐದು ನಿಮಿಷ ನೋಡಿ ಇಳಿದವರು ಸಿಕ್ಕಿಬೀಳುವುದು ಇಲ್ಲೇ. ಒಡೆಯುವ ತೆರೆ ಮೊಣಕಾಲಿಗಿಂತ ಎತ್ತರವಿದ್ದರೆ ಹೊಸಬರು ಆ ದಿನ ಬಿಟ್ಟುಬಿಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಎತ್ತರದಷ್ಟೇ ಮುಖ್ಯ, ಒಂದು ತೆರೆಯಿಂದ ಇನ್ನೊಂದಕ್ಕಿರುವ ಸಮಯ. ಹೈದರಾಬಾದಿನ, ಕಡಲ ಸ್ಥಿತಿ ತಿಳಿಸುವ ಇನ್‌ಕೋಯಿಸ್ ಸಂಸ್ಥೆಯ ಮುನ್ಸೂಚನೆಯಲ್ಲಿ ಎತ್ತರ, ಅವಧಿ ಎರಡೂ ಇರುತ್ತವೆ. ತೆರೆಯ ಅಲುಗಾಟ ಅದರ ಉದ್ದದ (ಒಂದು ತೆರೆಯ ತುದಿಯಿಂದ ಮುಂದಿನದರ ತುದಿಗಿರುವ ದೂರದ) ಅರ್ಧದಷ್ಟು ಆಳದವರೆಗೆ ಮುಟ್ಟುತ್ತದೆ. ತೆರೆದ ಕಡಲಿನಲ್ಲಿ 5 ಸೆಕೆಂಡಿನ ತೆರೆಗೆ ಅದು ಸುಮಾರು 20 ಮೀಟರ್, 12 ಸೆಕೆಂಡಿನದಕ್ಕೆ 110 ಮೀಟರಿಗೂ ಹೆಚ್ಚು. ಮೇಲೆ ಅರ್ಧ ಮೀಟರ್ ಎತ್ತರವಷ್ಟೇ ಕಂಡರೂ ಅವಧಿ 12 ಸೆಕೆಂಡ್ ಇದ್ದರೆ, 5 ಮೀಟರ್ ಆಳದಲ್ಲಿ ನೀರು ನಿಮ್ಮನ್ನು ಹಿಂದೆ ಮುಂದೆ ಜಗ್ಗುತ್ತಲೇ ಇರುತ್ತದೆ, ತಳದ ಕೆಸರೂ ಏಳುತ್ತದೆ. ಮಳೆಗಾಲಕ್ಕೆ ಮುಂಚೆ ಬರುವ ಕಳ್ಳಕ್ಕಡಲ್ ಇದೇ ಜಾತಿ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ತೆರೆ ಅದು, ಇಲ್ಲಿ ಎಲೆ ಅಲುಗದ ದಿನವೂ ದಡ ಹತ್ತುತ್ತದೆ. ಎಚ್ಚರಿಕೆ ಇದ್ದ ದಿನ ಆಕಾಶ ನೋಡಿ ತೀರ್ಮಾನ ಬದಲಿಸಬೇಡಿ.

ತೆರೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ತೆರೆ ಒಡೆಯದೆ, ನೀರು ಕಲಕಿದ ಬಣ್ಣದಲ್ಲಿ, ನೊರೆ ಹೊರಗೆ ಸಾಗುತ್ತಿದ್ದರೆ ಅದು ಸೆಳೆತದ ಓಣಿ. ಇಳಿಯಲು ಸಲೀಸು ಎಂದು ಕಾಣುವ ಜಾಗ ಎಷ್ಟೋ ಸಲ ಇದೇ ಆಗಿರುತ್ತದೆ. ಸಿಕ್ಕಿಕೊಂಡರೆ ದಡಕ್ಕೆ ನೇರ ಹೊಡೆದಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ, ತೆರೆ ಒಡೆಯುವ ಕಡೆಗೆ ಬಂದು ಒಳಸೇರಬೇಕು.

ಜಿಲ್ಲೆಯಲ್ಲಿ 12 ಹೊಳೆಗಳು. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಯಾವುದರದ್ದೇ ಆಗಲಿ, ಅಳಿವೆ ಬಾಗಿಲಿನ ಹತ್ತಿರ ಡೈವ್ ಬೇಡ. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ನುಗ್ಗುತ್ತದೆ, ಮರಳದಿಣ್ಣೆ ವರ್ಷವರ್ಷ ಜಾಗ ಬದಲಿಸುತ್ತದೆ, ಕೆಸರಿನಿಂದ ಏನೂ ಕಾಣುವುದಿಲ್ಲ. ಮೀನುಗಾರಿಕೆ ಬಂದರಿನ ತಡೆಗೋಡೆಯೂ ಹಾಗೆಯೇ: ಕಲ್ಲಿನ ಸಂದಿನಲ್ಲಿ ಹರಿದ ಬಲೆ, ಗಾಳ, ತಲೆ ಮೇಲೆ ದೋಣಿ.

ಇನ್ನು ಗಾಳಿಯ ಲೆಕ್ಕ. 11.1 ಲೀಟರಿನ ಅಲ್ಯುಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಅಂದರೆ ಸುಮಾರು 2,220 ಲೀಟರ್ ಗಾಳಿ. ಹೊಸಬರು ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾರೆ ಎಂದು ಹಿಡಿದರೆ, 8 ಮೀಟರ್ ಆಳದಲ್ಲಿ ಒತ್ತಡ 1.8 ಪಟ್ಟು ಆಗುವುದರಿಂದ ಅದು 36. ಹೋಗಲು 50 ಬಾರ್, ಬರಲು 50, ಹತ್ತುವಾಗ ಕಾಯಬೇಕಾಗಿ ಬಂದರೆ 50, ಮುಟ್ಟಬಾರದ್ದು 50. ಅಂದರೆ ಮಾಪಕ 150 ತೋರಿಸಿದಾಗ ತಿರುಗಬೇಕು. ಆ ಮೊದಲ 50 ಬಾರಿಗೆ ಸಿಗುವುದು 15 ನಿಮಿಷ, ನಿಧಾನಕ್ಕೆ ಫಿನ್ ಹೊಡೆದರೆ ಸುಮಾರು 200 ಮೀಟರ್ ದೂರ. ನೋಡಬೇಕಾದ ಬಂಡೆ ಅದಕ್ಕಿಂತ ಆಚೆ ಇದ್ದರೆ ಆ ಜಾಗ ಸದ್ಯಕ್ಕೆ ನಿಮ್ಮದಲ್ಲ.

ನಮ್ಮ ಕರಾವಳಿ ಸೋಲುವುದು ಈ ಲೆಕ್ಕದಲ್ಲೇ. ತಳ ಇಲ್ಲಿ ಬಹಳ ನಿಧಾನವಾಗಿ ಇಳಿಯುತ್ತದೆ. 10 ಮೀಟರ್ ಆಳ ಬೇಕಾದರೆ ಕಿಲೋಮೀಟರ್ ಲೆಕ್ಕದಲ್ಲಿ ಹೊರಗೆ ಹೋಗಬೇಕು. ಕಾರ್ಡ್ 18 ಮೀಟರಿಗೆ ಅನುಮತಿ ಕೊಟ್ಟಿದ್ದರೂ 200 ಮೀಟರ್ ದೂರದಲ್ಲಿ ಸಿಗುವುದು ಅಲುಗಾಟದ, ಕಲಕಿದ, ಬೊಯನ್ಸಿ (ಮೇಲೇರದೆ ಮುಳುಗದೆ ನಿಲ್ಲುವ ತೇಲುವಿಕೆ) ಹಿಡಿತಕ್ಕೆ ಸಿಗದ ಆಳವಿಲ್ಲದ ನೀರು. ಹೊಸಬರಿಗೆ ಆಳಕ್ಕಿಂತ ಇದೇ ಕಷ್ಟ.

ಆದರೂ ಪ್ರಯತ್ನಿಸುವವರಿಗೆ ಡಿಸೆಂಬರ್‌ನಿಂದ ಫೆಬ್ರವರಿ, ಬೆಳಿಗ್ಗೆ ಹತ್ತರೊಳಗೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ನೀರು ಮುರಿಯುತ್ತದೆ. ಸೊಂಟದಷ್ಟು ನೀರಿನಲ್ಲಿ ನಿಂತು ಬಗ್ಗಿ ನೋಡಿದಾಗ ಸ್ವಂತ ಪಾದ ಕಾಣದಿದ್ದರೆ ಅಲ್ಲಿಂದಲೇ ವಾಪಸ್. ದಿಕ್ಸೂಚಿಯಲ್ಲಿ ಹೊರಗಿನ ದಿಕ್ಕು ಸುಮಾರು 250 ಡಿಗ್ರಿ, ಮರಳುವುದು 70. ನೀರಿಗಿಳಿಯುವ ಮೊದಲೇ ಜೊತೆಗಾರನ ಸ್ಲೇಟಿನಲ್ಲೂ ಬರೆಸಿ. ಹತ್ತುವಾಗ ಮೊಣಕಾಲುದ್ದದ ನೀರಿನಲ್ಲಿ ಎದ್ದು ನಿಲ್ಲಬೇಡಿ, ತೆರೆ ಬೀಳಿಸುವುದು ಅಲ್ಲೇ. ಮಾಸ್ಕ್, ರೆಗ್ಯುಲೇಟರ್ (ಬಾಯಲ್ಲಿ ಕಚ್ಚಿ ಉಸಿರಾಡುವ ಸಾಧನ) ಬಿಚ್ಚದೆ ಒಣಮರಳಿನವರೆಗೆ ನಾಲ್ಕು ಕಾಲಲ್ಲಿ ತೆವಳಿ. ನೋಡಿದವರು ನಗಲಿ.

ಯಾವ ಆ್ಯಪ್‌ಗಿಂತಲೂ ಹೆಚ್ಚು ತಿಳಿದವರು ಬಂಡೆಯಿಂದ ಕಲ್ಲುಮ್ಮಕಾಯಿ ಚಿಪ್ಪು ಕೀಳುವವರು ಮತ್ತು ದಡದಲ್ಲಿ ಬಲೆ ನೇಯುತ್ತಾ ಕೂತ ಹಿರಿಯರು. "ಅಣ್ಣ, ಇಲ್ಲಿ ಕಲ್ಲು ಎಷ್ಟು ಮಾರಿಗೆ ಸಿಗ್ತದೆ? ನೀರು ಯಾವ ಕಡೆ ಎಳೀತದೆ? ಇವತ್ತು ಬಲೆ ಎಲ್ಲಿ ಹಾಕಿದ್ದೀರಿ?" ಎಂದು ಈ ಮೂರೇ ಕೇಳಿ, ಸಾಕು. ಒಂದು ಮಾರಿಗೆ ಹತ್ತಿರ ಹತ್ತಿರ ಎರಡು ಮೀಟರ್ ಎಂದು ಲೆಕ್ಕ ಹಿಡಿಯಿರಿ. ಮೂರನೆಯ ಪ್ರಶ್ನೆ ಜೀವದ ಪ್ರಶ್ನೆ: ನೈಲಾನ್ ನೂಲಿನ ಬಲೆ ಕಲಕಿದ ನೀರಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಎದೆಯ ಹತ್ತಿರ, ಎರಡೂ ಕೈಗೆ ಎಟಕುವಂತೆ ಲೈನ್ ಕಟ್ಟರ್ ಇರಲಿ. ತೇಲುಗುರುತು, ಕೆಳಗೆ ಡೈವರ್ ಇದ್ದಾರೆಂದು ತಿಳಿಸುವ ಡೈವ್ ಬಾವುಟ ಒಯ್ಯಿರಿ, ಆದರೆ ಬಾವುಟದ ಅರ್ಥ ಎಲ್ಲ ದೋಣಿಯವರಿಗೂ ಗೊತ್ತಿರುತ್ತದೆ ಎಂದು ನಂಬಬೇಡಿ. ಬಾಯಲ್ಲಿ ಹೇಳಿಯೇ ಇಳಿಯಿರಿ.

ಗಡಿಯವರಿಗಷ್ಟೇ ಅನ್ವಯಿಸುವ ಒಂದು ಮಾತು: ಬೆಳಿಗ್ಗೆ ಡೈವ್, ಸಂಜೆ ಪಾಣತ್ತೂರು ದಾರಿಯಲ್ಲಿ ಮಡಿಕೇರಿ ಎಂಬ ಯೋಜನೆ ಬೇಡ. ಮಡಿಕೇರಿ 1,100 ಮೀಟರಿಗೂ ಎತ್ತರ, ಅಲ್ಲಿ ಗಾಳಿಯ ಒತ್ತಡ ಇಳಿದು ಡೈವಿನಲ್ಲಿ ದೇಹಕ್ಕೆ ಕರಗಿದ ನೈಟ್ರೋಜನ್ ಗುಳ್ಳೆಯಾಗಬಹುದು. ವಿಮಾನ ಹತ್ತುವ ಮೊದಲಿನ ನಿಯಮವೇ ಇದಕ್ಕೂ: ಒಂದೇ ಡೈವ್ ಆಗಿದ್ದರೆ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ ಕಾಯಬೇಕು.

ಮೊದಲ ಕೆಲವು ಡೈವ್‌ಗಳಿಗೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪವೇ ವಾಸಿ. ದೋಣಿಗೆ ಕೊಟ್ಟ ದುಡ್ಡಿಗೆ ಆಳವೂ ಬಂಡೆಯೂ ಏಣಿಯೂ ಸಿಗುತ್ತವೆ. ದಡದಿಂದಲೇ ಇಳಿಯಬೇಕೆಂಬ ಹಟವಿದ್ದರೆ ಅಂಡಮಾನಿನ ಸ್ವರಾಜ್ ದ್ವೀಪದ ನೀಮೋ ರೀಫ್ ಸರಿಯಾದ ಜಾಗ: ಮರಳಿನ ದಡ, ನಿಧಾನ ಇಳಿಜಾರು, ಈಜುವ ದೂರದಲ್ಲೇ ಹವಳ. ಅಲ್ಲಿ ನೋಡಬೇಕಾದ್ದು ಉಬ್ಬರದ ಪಟ್ಟಿ. ನೀರು ಇಳಿದ ಹೊತ್ತಿನಲ್ಲಿ ಹವಳ ತುಳಿಯದೆ ಹೊರಬರಲು ದಾರಿ ಸಿಗದೆ ಹೋದೀತು. ಹಾಗಾಗಿ ಇಳಿಯುವ ಹೊತ್ತಲ್ಲ, ಹತ್ತುವ ಹೊತ್ತು ಉಬ್ಬರದ ಹತ್ತಿರ ಬೀಳುವಂತೆ ಗಡಿಯಾರ ಹೊಂದಿಸಿ.