ದಿನಚರಿ: ಹಿಡಿಯುವ ಮೊದಲೇ ಅಳೆಯಬೇಕು

2024 ಫೆಬ್ರವರಿ 11, ಭಾನುವಾರ
ವೆಲಿಂಗ್ಟನ್, ನ್ಯೂಜಿಲೆಂಡ್

ಉತ್ತರದ ಗಾಳಿ ಬೀಸುತ್ತಿದ್ದುದರಿಂದ ದಕ್ಷಿಣ ಕರಾವಳಿಯ ನೀರು ಇಂದು ತಿಳಿಯಾಗಿತ್ತು. 2008ರಲ್ಲಿ ಸ್ಥಾಪಿತವಾದ ತಾಪುತೆರಂಗ ಸಾಗರ ಮೀಸಲಿನೊಳಗೆ ಒಂದು ಚಿಪ್ಪನ್ನೂ ತೆಗೆಯುವಂತಿಲ್ಲ. ಆದ್ದರಿಂದ ಗೆಳೆಯನೂ ನಾನೂ ಅದರ ಗಡಿಯಾಚೆ ಹೋಗಿ ಪಾವಾ ಮತ್ತು ಮೀನಿನ ಬೇಟೆಗೆ ನೀರಿಗಿಳಿದೆವು.

ಪಾವಾ ಎಂಬುದು ಬಂಡೆಯನ್ನು ಅಗಲವಾದ ಒಂದೇ ಪಾದದಿಂದ ಕಚ್ಚಿ ಹಿಡಿದಿರುವ ದೊಡ್ಡ ಕಡಲ ಬಸವನಹುಳು. ಅದರ ಚಿಪ್ಪಿನ ಒಳಮೈ ನವಿಲುಗರಿಯಂತೆ ಹೊಳೆಯುತ್ತದೆ. ನ್ಯೂಜಿಲೆಂಡಿನಲ್ಲಿ ಹವ್ಯಾಸಿಗಳು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಪಾವಾ ತೆಗೆಯುವುದು ಅಪರಾಧವಾಗಿದ್ದು, ಉಸಿರು ಬಿಗಿಹಿಡಿದೇ ಮುಳುಗಬೇಕು. ಕಪ್ಪು ಪಾದದ ಪಾವಾ ಕನಿಷ್ಠ 125 ಮಿಲಿಮೀಟರ್ ಉದ್ದವಿರಬೇಕು. ಅದರ ರಕ್ತ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಹರಿತವಾದ ಚಾಕುವಿನಿಂದ ಎಬ್ಬಿಸಲು ಹೋಗಿ ಗಾಯವಾದರೆ, ಮತ್ತೆ ಬಂಡೆಗೆ ಇಟ್ಟರೂ ಅದು ಬದುಕುವುದು ಕಷ್ಟ. ನಾವು ಬಳಸುವುದು ಅಂಚು ಮೊಂಡಾದ ಪಟ್ಟಿಯನ್ನು. ಅದನ್ನು ತೂರಿಸುವ ಮೊದಲು, ಪ್ರಾಣಿ ಬಂಡೆಯ ಮೇಲಿರುವಾಗಲೇ ಅಳತೆಗೋಲು ಹಿಡಿದು ನೋಡುತ್ತೇವೆ. ಚಿಕ್ಕದು ಕೈಗೆ ಬಂದರೆ ಮೇಲಿನಿಂದ ಎಸೆಯದೆ, ಪಾದವು ಬಂಡೆಗೆ ತಾಗುವಂತೆ ಕೈಯಿಂದಲೇ ಇಡಬೇಕು. ಮಗುಚಿ ಬಿದ್ದದ್ದು ಮೀನುಗಳ ಪಾಲಾಗುತ್ತದೆ.

ಮೀನಿನ ವಿಷಯದಲ್ಲಿ ಈ ಅನುಕೂಲವಿಲ್ಲ. ಕೆಲ್ಪ್ ಪಾಚಿಯ ನಡುವೆ ಅಡಗುವ ಬಟರ್‌ಫಿಶ್‌ಗೆ ಕನಿಷ್ಠ ಉದ್ದ 35 ಸೆಂಟಿಮೀಟರ್ ಎಂದು ನಿಗದಿಯಾಗಿದೆ, ಆದರೆ ಈಟಿ ನಾಟಿದ ಮೇಲೆ ಅಳೆದು ಫಲವೇನು? ಇದಕ್ಕೆ ಕಣ್ಣಿನ ಮೋಸವೂ ಸೇರುತ್ತದೆ: ಮಾಸ್ಕ್ ಧರಿಸಿ ನೋಡಿದಾಗ ನೀರಿನಲ್ಲಿರುವ ವಸ್ತು ಇರುವುದಕ್ಕಿಂತ ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ, 30 ಸೆಂಟಿಮೀಟರಿನ ಮರಿ 40ರ ಮೀನೆಂದು ಆಸೆ ಹುಟ್ಟಿಸುತ್ತದೆ. ಸಂಶಯ ಬಂದ ಮೀನುಗಳನ್ನೆಲ್ಲ ಇಂದು ಹೋಗಗೊಟ್ಟೆ. ಬೇಟೆಗಾರನ ಕೌಶಲವನ್ನು ಗುರಿಯಿಂದ ಅಳೆಯುವುದು ರೂಢಿಯಾದರೂ, ಈಟಿ ಹಾರಿಸಲು ಬಿಲ್ಲಿನಂತೆ ಸೆಳೆದ ರಬ್ಬರನ್ನು ಬಿಡದೆ ಮೇಲೆ ಬರುವುದೇ ಹೆಚ್ಚಿನ ಕೌಶಲವೆಂದು ನನ್ನ ಅಭಿಪ್ರಾಯ.

ಮೇಲೆ ಬರುವ ಹೊತ್ತೇ ಅಪಾಯದ್ದು. ಉಸಿರಾಡಬೇಕೆಂಬ ಒತ್ತಡವನ್ನು ಮುಖ್ಯವಾಗಿ ಹುಟ್ಟಿಸುವುದು ದೇಹದಲ್ಲಿ ಏರುವ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆಯಲ್ಲ. ಆದುದರಿಂದ ಮುಳುಗುವ ಮೊದಲು ಬೇಗಬೇಗ ಉಸಿರಾಡಿದವರಿಗೆ ಎಚ್ಚರಿಕೆಯೇ ತಡವಾಗಿ ಬರುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯದ್ದರ ಎರಡರಷ್ಟಿದ್ದು, ಏರುವಾಗ ಅದು ಇಳಿದಂತೆಲ್ಲ ಶ್ವಾಸಕೋಶದಲ್ಲಿನ ಆಮ್ಲಜನಕದ ಒತ್ತಡವೂ ಕುಸಿದು, ಮೇಲ್ಮೈ ಕೈಗೆಟುಕುವಷ್ಟು ಹತ್ತಿರವಿರುವಾಗ ಪ್ರಜ್ಞೆ ತಪ್ಪಬಹುದು. ಅದಕ್ಕೇ ಒಬ್ಬನು ಕೆಳಗಿದ್ದಾಗ ಇನ್ನೊಬ್ಬನು ಮೇಲೆ ಕಾಯುತ್ತಾನೆ, ಮತ್ತು ಮೇಲೆ ಬಂದವನನ್ನು ಅವನು ಸರಿಯಾಗಿ ಉಸಿರಾಡುವವರೆಗೂ ನೋಡುತ್ತಲೇ ಇರುತ್ತಾನೆ.

ಅಳತೆಯ ಈ ನಿಯಮಗಳು ಅತಿಯಾದವೆಂದು ಗೊಣಗುವವರು ದಡದಲ್ಲಿ ಯಾವಾಗಲೂ ಸಿಗುತ್ತಾರೆ. ಆದರೆ 2016ರ ನವೆಂಬರ್ 14ರಂದು 7.8 ತೀವ್ರತೆಯ ಭೂಕಂಪದಿಂದ ದಕ್ಷಿಣ ದ್ವೀಪದ ಕೈಕೋರಾ ಕರಾವಳಿಯ ಕಡಲತಳವೇ ನೀರಿನಿಂದ ಮೇಲೆದ್ದು ಅಪಾರ ಪಾವಾಗಳು ಸತ್ತಾಗ, ಅಲ್ಲಿನ ಬೇಟೆಯನ್ನು 2021ರ ಡಿಸೆಂಬರ್‌ವರೆಗೂ ನಿಲ್ಲಿಸಬೇಕಾಯಿತು. ಪಾವಾ ತನ್ನ ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಡುವ ಜೀವಿಯಾದ್ದರಿಂದ, ಹತ್ತಿರ ಹತ್ತಿರ ಇದ್ದರಷ್ಟೇ ಸಂತಾನ ಬೆಳೆಯುತ್ತದೆ. ವಿರಳವಾದ ಮೇಲೆ ಚೇತರಿಕೆ ನಿಧಾನ.

ಸಂಜೆ ಪಾವಾದ ಮಾಂಸವನ್ನು ಜಜ್ಜಿ ಮೆದುಗೊಳಿಸಿ, ಅರ್ಧಕ್ಕೆ ಊರಿನ ಮರುವಾಯಿ (ಕಪ್ಪೆಚಿಪ್ಪು) ಸುಕ್ಕದ ಮಸಾಲೆ ಹಾಕಿದೆ, ಉಳಿದದ್ದನ್ನು ತೆಳ್ಳಗೆ ಹೆಚ್ಚಿ ಬೆಣ್ಣೆ ಬೆಳ್ಳುಳ್ಳಿಯಲ್ಲಿ ಕ್ಷಣಕಾಲ ಬಾಡಿಸಿದೆ. ಸುಕ್ಕ ಬೇಯುವ ಹೊತ್ತಿಗೆ ಮಾಂಸ ರಬ್ಬರಿನಂತಾಗಿತ್ತು, ಬೆಣ್ಣೆಯದ್ದೇ ರುಚಿಯಾಗಿತ್ತು.