ಮುಗಿದ ಮದುವೆಯ ಫೋಲ್ಡರ್

ವೈಶಾಖ ಬಂತೆಂದರೆ ರಾಯಚೂರಿನ ತೀನ್ ಕಂದೀಲ್ ಹತ್ತಿರದ ನನ್ನ ಡಿಟಿಪಿ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆ ಸಂಜೆ ಮದುವೆ ಕಾರ್ಡೊಂದು ಅರ್ಧಕ್ಕೆ ನಿಂತಿತ್ತು. ಒಂದು ಮಗ್ಗುಲು ಕನ್ನಡ, ಗದ್ವಾಲಿನ ಬೀಗರಿಗಾಗಿ ಇನ್ನೊಂದು ಮಗ್ಗುಲು ತೆಲುಗು. ಅಪ್‌ಡೇಟ್ ಮುಗಿದು ಕಂಪ್ಯೂಟರ್ ರೀಸ್ಟಾರ್ಟ್ ಕೇಳಿತು. ತೆರೆದಿದ್ದ ಹತ್ತು ಕಿಟಕಿಗಳನ್ನು ಮತ್ತೆ ಹುಡುಕಿ ತೆರೆಯುವ ಬೇಸರಕ್ಕೆ, ಲಾಗ್‌ಔಟ್ ಪೆಟ್ಟಿಗೆಯ ಕೆಳಗಿದ್ದ 'ಸೇವ್ ಸೆಷನ್' (ಈಗ ತೆರೆದಿರುವ ಕಿಟಕಿಗಳನ್ನು ಮುಂದಿನ ಲಾಗಿನ್‌ಗೆ ನೆನಪಿಟ್ಟುಕೋ) ಎಂಬ ಚೌಕಕ್ಕೆ ಮೊದಲ ಸಲ ಟಿಕ್ ಹಾಕಿದೆ. ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ, ಅದರ ಎಕ್ಸ್‌ಎಫ್‌ಸಿಇ ಎಂಬ ಆವೃತ್ತಿ. ಹಳೆಯ ಯಂತ್ರಕ್ಕೆ ಅದೇ ಹಗುರ.

ಮತ್ತೆ ಲಾಗಿನ್ ಆದಾಗ ಕಾರ್ಡಿನ ಫೋಲ್ಡರ್ ಇದ್ದ ಜಾಗದಲ್ಲೇ ಬಂದು ಕುಳಿತಿತ್ತು. ಆಜ್ಞೆ ಟೈಪಿಸುವ ಟರ್ಮಿನಲ್ ಕಿಟಕಿಯೂ ಬಂತು, ಆದರೆ ಅದರಲ್ಲಿ ಓಡುತ್ತಿದ್ದ ಕೆಲಸ ಬರಲಿಲ್ಲ. ಕಾರ್ಡು ಬಿಡಿಸುವ ತಂತ್ರಾಂಶದ ಸುಳಿವೇ ಇಲ್ಲ. ಕಿಟಕಿಗಳ ಲೆಕ್ಕ ಇಡುವ ಸೆಷನ್ ಮ್ಯಾನೇಜರ್ ಕೇಳಿದಾಗ 'ನಾನು ಇಂಥ ಕಡತ ತೆರೆದಿದ್ದೆ' ಎಂದು ಹೇಳಬಲ್ಲ ತಂತ್ರಾಂಶ ಮಾತ್ರ ಸರಿಯಾಗಿ ಮರಳುತ್ತದೆಯಂತೆ. ಫೈರ್‌ಫಾಕ್ಸ್ ಬ್ರೌಸರ್ ಯಾರ ಹಂಗಿಗೂ ಕಾಯುವುದಿಲ್ಲ, ತನ್ನ ಲೆಕ್ಕವನ್ನು ತಾನೇ 15 ಸೆಕೆಂಡಿಗೊಮ್ಮೆ ಬರೆದಿಟ್ಟುಕೊಳ್ಳುತ್ತದೆ. ಅದರ ಸೆಟ್ಟಿಂಗ್ಸಿನಲ್ಲಿ ಹಿಂದಿನ ಕಿಟಕಿಗಳನ್ನು ತೆರೆಯಲು ಹೇಳಿಟ್ಟರೆ ಸಾಕು.

ಮಾರನೆಯ ದಿನ ಟಿಕ್ ತೆಗೆದೆ. ಮದುವೆ ಮುಗಿಯಿತು, ಊಟವನ್ನೂ ಮಾಡಿ ಬಂದೆ. ಆದರೆ ಪ್ರತಿದಿನ ಬೆಳಿಗ್ಗೆ ಯಂತ್ರ ಹಚ್ಚಿದೊಡನೆ ಅದೇ ಫೋಲ್ಡರ್, ಅದೇ ಟರ್ಮಿನಲ್! ಒಮ್ಮೆ ಕರೆಂಟು ಹೋಗಿ ಎಲ್ಲವೂ ಆರಿತು. ಆ ದಿನದ ಕಿಟಕಿ ಒಂದೂ ಮರಳಲಿಲ್ಲ, ಮದುವೆ ಫೋಲ್ಡರ್ ಮಾತ್ರ ತಪ್ಪದೆ ಹಾಜರು.

ತಿಂಗಳ ನಂತರ ಮದುಮಗಳ ತಂದೆಯೇ ಗೃಹಪ್ರವೇಶದ ಕಾರ್ಡಿಗೆಂದು ಬಂದರು. ಆಗಷ್ಟೇ ಯಂತ್ರ ಹಚ್ಚಿದ್ದೆ. ಪರದೆ ನೋಡಿ ನಕ್ಕರು.

"ಏನು ತಮ್ಮಾ, ನಮ್ಮ ಹುಡುಗಿಯ ಮದುವೆ ನಿನ್ನ ಅಂಗಡಿಯಲ್ಲಿ ಇನ್ನೂ ಮುಗಿದಿಲ್ಲವೇ?"

ನಾಚಿಕೆಯಾಯಿತು. ಟಿಕ್ ತೆಗೆದರೆ ಹೊಸದಾಗಿ ಉಳಿಸುವುದು ನಿಲ್ಲುತ್ತದೆಯೇ ಹೊರತು, ಒಮ್ಮೆ ಉಳಿಸಿದ್ದು ಅಳಿಯುವುದಿಲ್ಲ. ಇದನ್ನು ಆ ಚೌಕದ ಪಕ್ಕದಲ್ಲೇ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತೋ! 'ಸೆಷನ್ ಅಂಡ್ ಸ್ಟಾರ್ಟಪ್' ಎಂಬ ಸೆಟ್ಟಿಂಗ್ಸ್ ಕಿಟಕಿಯ ಒಳಗೆ ಉಳಿಸಿದ ಸೆಷನ್‌ಗಳನ್ನು ಅಳಿಸುವ ಗುಂಡಿ ಸಿಕ್ಕಿತು. ಅವರೆದುರೇ ಒತ್ತಿದೆ.

"ಈಗ ಮುಗಿಯಿತು ನೋಡಿ ಕಾಕಾ" ಎಂದು ಹೇಳಿ, ಗೃಹಪ್ರವೇಶಕ್ಕೆ ಹೊಸ ಫೋಲ್ಡರ್ ತೆರೆದೆ.