ಸೈನ್ಯವಿಲ್ಲದ ಮಾರಿಷಸ್

ಆಫ್ರಿಕಾದ ಸೇನೆಗಳ ಬಗ್ಗೆ ಓದೋದು ನನಗೆ ಹಳೆಯ ಚಟ. ಅದರಲ್ಲಿ ನನಗೆ ಜಾಸ್ತಿ ಇಷ್ಟ ಮಾರಿಷಸ್. ಅಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಅಂತ ಏನೂ ಇಲ್ಲ. ಎಲ್ಲವೂ ಪೊಲೀಸ್ ಕಮಿಷನರ್ ಕೈಕೆಳಗೆ. ವಕ್ವಾ ಪಟ್ಟಣದಲ್ಲಿರುವ ಸ್ಪೆಷಲ್ ಮೊಬೈಲ್ ಫೋರ್ಸ್ ಅನ್ನೋ ಪೊಲೀಸರ ಅರೆಸೇನಾ ಪಡೆಗೆ ಕವಚವಾಹನಗಳಿವೆ. ಆದರೆ ಚಂಡಮಾರುತ ಬಂದಾಗ ಬಿದ್ದ ಮರ ಎತ್ತೋದೂ ಅವರೇ. ಸಮುದ್ರಕ್ಕೆ ನ್ಯಾಷನಲ್ ಕೋಸ್ಟ್ ಗಾರ್ಡ್. ಅದರ ದೊಡ್ಡ ಹಡಗು 'ಬರಾಕುಡಾ' ಕೋಲ್ಕತ್ತಾದಲ್ಲಿ ತಯಾರಾಗಿ 2015ರಲ್ಲಿ ಸೇವೆಗೆ ಸೇರಿತು. ಭಾರತ ಬೇರೆ ದೇಶಕ್ಕಾಗಿ ಕಟ್ಟಿಕೊಟ್ಟ ಮೊದಲ ಯುದ್ಧನೌಕೆ ಅದು.

ಹೆಲಿಕಾಪ್ಟರ್ ವಿಷಯ ಬಂದರೆ ಬೆಂಗಳೂರಿನವನಾದ ನನಗೆ ಮಾತು ನಿಲ್ಲೋದಿಲ್ಲ. ಅಲ್ಲಿನ ಪೊಲೀಸರ ಧ್ರುವ್ ನಮ್ಮ ಎಚ್‌ಎಎಲ್‌ನದು. 2020ರ ಜುಲೈ 25ರಂದು 'ವಕಾಶಿಯೊ' ಅನ್ನೋ ಸರಕು ಹಡಗು ಮಾರಿಷಸ್ ಕರಾವಳಿಯ ಪ್ವಾಂತ್ ದೆಸ್ನಿ ಬಳಿ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡಿತು. ಆಗಸ್ಟ್‌ನಲ್ಲಿ ಸುಮಾರು 1,000 ಟನ್ ಎಣ್ಣೆ ಸೋರಿ ನೀಲಿ ನೀರು ಕಪ್ಪಾಯಿತು. ಆಗ ಹಡಗಿನ ಮೇಲೆ ತೂಗಾಡುತ್ತಾ ನಿಂತು, ಎಣ್ಣೆ ತುಂಬಿದ ಪಾತ್ರೆಗಳನ್ನು ಕೆಳಗೆ ನೇತುಹಾಕಿಕೊಂಡು ದಡಕ್ಕೆ ಸಾಗಿಸಿದ್ದು ಇದೇ ಪೊಲೀಸರ ಹೆಲಿಕಾಪ್ಟರ್‌ಗಳು. ಕಡಲಗಾಳಿಯಲ್ಲಿ, ನೇತಾಡುವ ಭಾರ ಹೊತ್ತು ಹಾರೋದು ಸುಲಭದ ಮಾತಲ್ಲ. ಆ ಪೈಲಟ್‌ಗಳ ಬಗ್ಗೆ ನನಗೆ ತುಂಬಾ ಗೌರವ.

ಯುದ್ಧಕ್ಕಿಂತ ಕಡಲು, ಮೀನು, ಚಂಡಮಾರುತವೇ ದೊಡ್ಡ ಚಿಂತೆಯಾಗಿರುವ ದೇಶಕ್ಕೆ ಇದು ಸರಿಯಾದ ಏರ್ಪಾಡು, ಅಲ್ವಾ? ಟ್ಯಾಂಕ್‌ಗಿಂತ ಡಾರ್ನಿಯರ್ ವಿಮಾನವೇ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಡಲ ಮೇಲೆ ಕಣ್ಣಿಡಲು ಅವರು ಅದನ್ನೇ ಬಳಸುತ್ತಾರೆ.